ಕೊನೆಯ ನಿಮಿಷದಲ್ಲಿ ಮೂರು ಬಾರಿ ಎದ್ದ ಮುಷ್ಟಿ: ಹೈಸ್ಕೂಲ್ ಕುಸ್ತಿಯ ಸ್ಟಾಲಿಂಗ್ ತೀರ್ಪಿನ ಒಂದು ಪ್ರಕರಣ

ಅಂತಿಮ ಅಂಕ 5–4. ಸೋತ ಹುಡುಗನ ಕೋಚ್ ಸಿಟ್ಟಾಗಿದ್ದರು, ಗೆದ್ದವನ ಕೋಚ್ ಕೂಡ ಸಿಟ್ಟಾಗಿದ್ದರು. ರೆಫರಿ ಕೊಟ್ಟ ಒಂದೊಂದು ತೀರ್ಪನ್ನೂ ಬಿಡಿಯಾಗಿ ಎತ್ತಿಕೊಂಡರೆ ಬಹುತೇಕ ಎಲ್ಲವನ್ನೂ ಸಮರ್ಥಿಸಬಹುದು. ಒಟ್ಟಿಗೆ ಜೋಡಿಸಿದಾಗ ಮಾತ್ರ ಲೆಕ್ಕ ತಾಳೆಯಾಗುವುದಿಲ್ಲ. ಅಮೆರಿಕದ ಹೈಸ್ಕೂಲ್ ಕುಸ್ತಿಯಲ್ಲಿ ಸ್ಟಾಲಿಂಗ್, ಅಂದರೆ ಆಡದೆ ಗಡಿಯಾರ ಓಡಿಸುವ ತಪ್ಪು, ಇಷ್ಟು ಜಗಳ ಹುಟ್ಟಿಸುವುದು ಇದೇ ಕಾರಣಕ್ಕೆ.

ಇಲ್ಲಿ ಬಿಡಿಸಿಡುವ ಪಂದ್ಯ ಯಾವುದೋ ಒಂದು ಶಾಲೆಯಲ್ಲಿ ನಡೆದದ್ದಲ್ಲ. ಮ್ಯಾಟ್ ಮೇಲೆ ಮತ್ತೆ ಮತ್ತೆ ಕಾಣಿಸುವ ಸನ್ನಿವೇಶಗಳನ್ನು ಒಂದೇ ಪಂದ್ಯಕ್ಕೆ ಪೋಣಿಸಿ ಅಧ್ಯಯನಕ್ಕಾಗಿ ಕಟ್ಟಿಕೊಂಡದ್ದು. ನಿಯಮಗಳು ಮಾತ್ರ ನಿಜವಾದವು: ಅಲ್ಲಿನ ರಾಜ್ಯ ಹೈಸ್ಕೂಲ್ ಸಂಘಗಳ ರಾಷ್ಟ್ರೀಯ ಒಕ್ಕೂಟ ಎನ್‌ಎಫ್‌ಎಚ್‌ಎಸ್ ಪ್ರಕಟಿಸುವ ನಿಯಮಗಳು.

ಮೊದಲು ನಿಯಮದ ಲೆಕ್ಕ. ಪಂದ್ಯಕ್ಕೆ ತಲಾ 2 ನಿಮಿಷದ ಮೂರು ಪೀರಿಯಡ್. ಮ್ಯಾಟ್‌ನ ಆಟದ ವೃತ್ತ ಕನಿಷ್ಠ 28 ಅಡಿ ಅಗಲ, ನಡುವೆ 10 ಅಡಿಯ ಒಳವೃತ್ತ. ಸ್ಥಾನ ಯಾವುದೇ ಇರಲಿ, ಸಮಯ ಎಷ್ಟೇ ಉಳಿದಿರಲಿ, ಅಂಕ ಏನೇ ಆಗಿರಲಿ, ಇಬ್ಬರೂ ಆ ಒಳವೃತ್ತದಲ್ಲೇ ಉಳಿಯಲು ಪ್ರಾಮಾಣಿಕವಾಗಿ ಯತ್ನಿಸಬೇಕು, ಆಕ್ರಮಣಕಾರಿಯಾಗಿ ಆಡಬೇಕು ಎನ್ನುತ್ತದೆ ನಿಯಮ. ತಪ್ಪಿದರೆ ರೆಫರಿ ಮುಷ್ಟಿ ಎತ್ತಿ ಸ್ಟಾಲಿಂಗ್ ಎಂದು ತೋರಿಸುತ್ತಾರೆ. ಮೊದಲ ಸಲ ಎಚ್ಚರಿಕೆ. ಎರಡನೆಯ ಮತ್ತು ಮೂರನೆಯ ಸಲ ಎದುರಾಳಿಗೆ ಒಂದೊಂದು ಅಂಕ. ನಾಲ್ಕನೆಯ ಸಲ 2 ಅಂಕ, ಜೊತೆಗೆ ಮುಂದಿನ ಆರಂಭದಲ್ಲಿ ಸ್ಥಾನ ಆರಿಸುವ ಹಕ್ಕು. ಐದನೆಯ ಸಲ ಪಂದ್ಯದಿಂದ ಅನರ್ಹ. ಈ ಎಣಿಕೆ ಹೆಚ್ಚುವರಿ ಸಮಯಕ್ಕೂ ಮುಂದುವರಿಯುತ್ತದೆ.

ನಮ್ಮ ಬೆಳಗಾವಿ, ಧಾರವಾಡ ಕಡೆಯ ಮಣ್ಣಿನ ಕಣದ ಕುಸ್ತಿ ನೋಡಿ ಬೆಳೆದವರಿಗೆ ಇದು ವಿಚಿತ್ರವೆನಿಸಬಹುದು. ಅಲ್ಲಿ ಎದುರಾಳಿಯನ್ನು ಚಿತ್ ಮಾಡಿದರೇ ಗೆಲುವು. ಅಂಕವೇ ಇಲ್ಲದ ಕಡೆ ಕಾಯ್ದುಕೊಳ್ಳಲು ಮುನ್ನಡೆಯೂ ಇಲ್ಲ. ಅಂಕ ಬಂದೊಡನೆ ಮುನ್ನಡೆ ಬಂತು, ಮುನ್ನಡೆಯ ಹಿಂದೆಯೇ ಅದನ್ನು ಹಿಡಿದು ಕೂರುವ ಆಸೆ ಬಂತು. ಸ್ಟಾಲಿಂಗ್ ನಿಯಮ ಆ ಆಸೆಗೆ ಕಟ್ಟಿದ ಬೆಲೆ.

ಪಂದ್ಯ ನಡೆದ ಬಗೆ

157 ಪೌಂಡ್ ವಿಭಾಗ, ಎರಡು ಶಾಲೆಗಳ ನಡುವಿನ ಡ್ಯುಯಲ್ ಪಂದ್ಯಾವಳಿಯ ಕೊನೆಯ ಕುಸ್ತಿ. ತಂಡಗಳ ಅಂಕ: ಕೆಂಪು 30, ಹಸಿರು 28. ಸಾಮಾನ್ಯ ಗೆಲುವಿಗೆ ತಂಡಕ್ಕೆ 3 ಅಂಕ ಸಿಗುವುದರಿಂದ ಈ ಕುಸ್ತಿ ಗೆದ್ದವರಿಗೇ ಇಡೀ ಸಂಜೆ. ಹುಡುಗರನ್ನು ಅವರ ಕಾಲಿಗೆ ಕಟ್ಟಿದ ಪಟ್ಟಿಯ ಬಣ್ಣದಿಂದಲೇ ಕೆಂಪು, ಹಸಿರು ಎಂದು ಕರೆಯೋಣ. ಮುಂದೆ ಕೊಡುವ ಸಮಯವೆಲ್ಲ ಗಡಿಯಾರದಲ್ಲಿ ಉಳಿದಿರುವ ಸಮಯ.

ಮೊದಲ ಪೀರಿಯಡ್. 1:12ಕ್ಕೆ ಕೆಂಪು ಒಳ್ಳೆಯ ಡಬಲ್ ಲೆಗ್ ಹಾಕಿ, ಅಂದರೆ ಎರಡೂ ಕಾಲಿಗೆ ನುಗ್ಗಿ, ಎದುರಾಳಿಯನ್ನು ಮ್ಯಾಟ್‌ಗೆ ಕೆಡವಿ ಟೇಕ್‌ಡೌನ್ ಪಡೆದ, 3–0. 0:40ಕ್ಕೆ ಹಸಿರು ಬಿಡಿಸಿಕೊಂಡು ಎದ್ದ, ಅಂದರೆ 1 ಅಂಕದ ಎಸ್ಕೇಪ್, 3–1. ಉಳಿದ 40 ಸೆಕೆಂಡಿನಲ್ಲಿ ಕೆಂಪು ಒಮ್ಮೆಯೂ ಕಾಲಿಗೆ ಕೈ ಹಾಕಲಿಲ್ಲ. 0:33ಕ್ಕೆ, 0:21ಕ್ಕೆ, 0:08ಕ್ಕೆ ಹಸಿರು ಮುಂದೊತ್ತಿ ಬಂದಾಗ ನೇರ ಹಿಂದಕ್ಕೆ ನಡೆದು ಗೆರೆ ಮುಟ್ಟಿದ. ಅದರಲ್ಲಿ ಎರಡು ಸಲ ಗೆರೆ ದಾಟಿ ಹೊರಗೇ ಹೋದ. ರೆಫರಿ ಮೂರು ಸಲವೂ "ಕೆಂಪು, ಸೆಂಟರ್" ಎಂದು ಬಾಯಲ್ಲಿ ಹೇಳಿದರು. ಮುಷ್ಟಿ ಎತ್ತಲಿಲ್ಲ.

ಎರಡನೆಯ ಪೀರಿಯಡ್. ಯಾವ ಸ್ಥಾನದಿಂದ ಶುರು ಮಾಡಬೇಕೆಂಬ ಆಯ್ಕೆ ಹಸಿರಿನದು, ಕೈ ಮೊಣಕಾಲೂರಿ ಕೆಳಗಿರುವ ಸ್ಥಾನ ತೆಗೆದುಕೊಂಡ, ಕೆಂಪು ಮೇಲೆ. 1:46ಕ್ಕೆ ಎದ್ದು ನಿಂತ, ಕೆಂಪು ಮತ್ತೆ ಮ್ಯಾಟ್‌ಗೆ ತಂದ. 1:35ಕ್ಕೆ ಕೆಂಪು ಒಮ್ಮೆ ಎದುರಾಳಿಯನ್ನು ಬೆನ್ನಿಗೆ ತಿರುಗಿಸುವ ಹಾಫ್ ನೆಲ್ಸನ್ ಪಟ್ಟು ಯತ್ನಿಸಿದ, ಕೂಡಲಿಲ್ಲ. 1:22ಕ್ಕೆ ಹಸಿರು ಮತ್ತೆ ಎದ್ದ. ಈ ಸಲ ಕೆಂಪು ಸೊಂಟದಿಂದ ಜಾರಿ ಕಣಕಾಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ, ಬಿಡಲಿಲ್ಲ. 1:10ಕ್ಕೆ ರೆಫರಿ ಸ್ಟೇಲ್‌ಮೇಟ್, ಅಂದರೆ ಇಬ್ಬರಿಗೂ ಮುಂದೆ ದಾರಿ ಇಲ್ಲ, ಎಂದು ಸೀಟಿ ಊದಿ ಮತ್ತೆ ಆರಂಭಿಸಿದರು. ಹಸಿರು ಈಗ ದಣಿದು ಹೊಟ್ಟೆಯ ಮೇಲೆ ಚಪ್ಪಟೆಯಾದ. 0:50ಕ್ಕೆ ಮುಷ್ಟಿ ಎದ್ದಿತು, ಹಸಿರಿನ ಮೇಲೆ. ಎಚ್ಚರಿಕೆ. 0:20ಕ್ಕೆ ಹಸಿರು ಬಿಡಿಸಿಕೊಂಡ, 3–2.

ಮೂರನೆಯ ಪೀರಿಯಡ್. ಕೆಂಪು ಕೆಳಗಿನ ಸ್ಥಾನ ಆರಿಸಿ 1:48ಕ್ಕೇ ಬಿಡಿಸಿಕೊಂಡು ಎದ್ದ, 4–2. ಆಮೇಲೆ ಮೊದಲ ಪೀರಿಯಡ್‌ನ ಆಟವೇ: ತಲೆ ತಗ್ಗಿಸಿ, ಕೈ ನೀಟಾಗಿ ಚಾಚಿ ಎದುರಾಳಿಯನ್ನು ದೂರ ಇಡುವುದು, ಹಿಂದೆ ನಡೆಯುವುದು. 1:05ಕ್ಕೆ ಎಚ್ಚರಿಕೆ. 0:34ಕ್ಕೆ ಎರಡನೆಯದು, ಹಸಿರಿಗೆ 1 ಅಂಕ, 4–3. 0:09ಕ್ಕೆ ಮೂರನೆಯದು, 4–4. ಐದು ನಿಮಿಷ ಸುಮ್ಮನಿದ್ದು 56 ಸೆಕೆಂಡಿನಲ್ಲಿ ಮೂರು ಸಲ ಕೈ ಎತ್ತುತ್ತೀರಾ ಎಂದು ಕೆಂಪು ಬೆಂಚು ಎದ್ದು ನಿಂತಿತು.

ಸಮವಾದಾಗ ಬರುವುದು ಮೊದಲು ಅಂಕ ಗಳಿಸಿದವನೇ ಗೆಲ್ಲುವ 1 ನಿಮಿಷದ ಹೆಚ್ಚುವರಿ ಸಮಯ, ಸಡನ್ ವಿಕ್ಟರಿ. ಅದರಲ್ಲಿ 0:20 ಇರುವಾಗ ಕೆಂಪು ಮತ್ತೆ ನೇರ ಹಿಂದೆ ನಡೆದು ವೃತ್ತದ ಹೊರಗೆ ಕಾಲಿಟ್ಟ. ಅದಕ್ಕೆ ಮುಷ್ಟಿ ಎದ್ದಿದ್ದರೆ ನಾಲ್ಕನೆಯದು, 2 ಅಂಕ, ಪಂದ್ಯ ಅಲ್ಲೇ ಹಸಿರಿನದು. ಎದ್ದಿಲ್ಲ. ಮೊದಲ 30 ಸೆಕೆಂಡಿನ ಟೈಬ್ರೇಕರ್‌ನಲ್ಲಿ ಕೆಂಪು ಬಿಡಿಸಿಕೊಂಡ, 5–4. ಎರಡನೆಯದರಲ್ಲಿ ಮೇಲಿದ್ದು ಹಸಿರಿನ ಕಣಕಾಲಿಗೆ ಜೋತುಬಿದ್ದು 30 ಸೆಕೆಂಡು ಕಳೆದ. ತಂಡದ ಅಂಕ 33–28.

ಎಲ್ಲಿ ಹಳಿ ತಪ್ಪಿತು

ಗದ್ದಲವೆಲ್ಲ ಮೂರನೆಯ ಪೀರಿಯಡ್ ಬಗ್ಗೆ. ಆದರೆ ಆ ಮೂರೂ ತೀರ್ಪುಗಳು ಸರಿ. ಕೆಡಿಸಿದ್ದು ಮೊದಲ ಪೀರಿಯಡ್‌ನ ಕೊನೆಯ 40 ಸೆಕೆಂಡು.

ಸ್ಟಾಲಿಂಗ್‌ನ ಮೊದಲ ಎಚ್ಚರಿಕೆಗೆ ಅಂಕದ ಬೆಲೆ ಇಲ್ಲ. ರೆಫರಿಯ ಕೈಯಲ್ಲಿ ಯಾರ ಸೋಲುಗೆಲುವನ್ನೂ ಮುಟ್ಟದೆ "ನನ್ನ ಅಳತೆ ಇದು" ಎಂದು ಇಬ್ಬರಿಗೂ ತೋರಿಸಬಲ್ಲ ಸಾಧನ ಅದೊಂದೇ. ಅದನ್ನು ಬೇಗ ಬಳಸಿದರೆ ಹುಡುಗನಿಗೆ ಆಟ ತಿದ್ದಿಕೊಳ್ಳಲು ನಾಲ್ಕು ನಿಮಿಷ ಸಿಗುತ್ತದೆ. ತಡ ಮಾಡಿದರೆ ಮುಂದಿನ ಪ್ರತಿ ಮುಷ್ಟಿಯೂ ಅಂಕವಾಗಿ ಕೊನೆಯ ನಿಮಿಷದ ಮೇಲೆಯೇ ಬೀಳುತ್ತದೆ.

ಇಲ್ಲಿ ಬಾಯಿಮಾತು ಎಚ್ಚರಿಕೆಯ ಜಾಗ ಕಸಿದುಕೊಂಡಿತು. "ಸೆಂಟರ್", "ಆ್ಯಕ್ಷನ್" ಎಂದು ರೆಫರಿ ಹೇಳುವುದು ಒಳ್ಳೆಯದೇ, ಬಹಳ ಹುಡುಗರು ಅಷ್ಟಕ್ಕೇ ಎಚ್ಚೆತ್ತುಕೊಳ್ಳುತ್ತಾರೆ. ಆದರೆ ಅದು ಸ್ಕೋರ್ ಪುಸ್ತಕಕ್ಕೆ ಹೋಗುವುದಿಲ್ಲ. ಮೂರು ಸಲ ಹೇಳಿ ಏನೂ ಆಗದಿದ್ದಾಗ ಕೆಂಪು ಕಲಿತ ಪಾಠ ಒಂದೇ: ಈ ರೆಫರಿ ಹೇಳುತ್ತಾರೆ, ಮಾಡುವುದಿಲ್ಲ. ಒಂದೇ ತಪ್ಪಿಗೆ ಒಂದು ಸಲ ಬಾಯಿಮಾತು, ಎರಡನೆಯ ಸಲ ಮುಷ್ಟಿ. ಇದನ್ನು ರೂಢಿ ಮಾಡಿಕೊಂಡಿದ್ದರೆ 0:21ಕ್ಕೇ ಎಚ್ಚರಿಕೆ ಬಿದ್ದಿರುತ್ತಿತ್ತು.

ಹಿಂದೆ ಹೋದದ್ದೆಲ್ಲ ಸ್ಟಾಲಿಂಗ್ ಅಲ್ಲ, ಆ ವಾದದಲ್ಲಿ ಹುರುಳಿದೆ. ಎದುರಾಳಿಯೇ ದೂಡಿ ಹೊರಗೆ ಹಾಕಿರಬಹುದು. ಗೆರೆಯ ಹತ್ತಿರ ಪಕ್ಕಕ್ಕೆ ಸುತ್ತಿ ಒಳಗೆ ಬರಲು ಹೆಣಗುತ್ತಿರಬಹುದು. ಇದನ್ನು ಬೇರ್ಪಡಿಸಲು ಕಣ್ಣು ಕಾಲಿನ ಮೇಲಿರಬೇಕು. ಮೊದಲು ಚಲಿಸಿದ್ದು ಯಾರ ಪಾದ? ಒತ್ತಡ ಬೀಳುವ ಮುಂಚೆಯೇ ಹಿಂದಿನ ಕಾಲು ಹಿಂದಕ್ಕೆ ಹೋಗಿದ್ದರೆ ಅದು ಹಿಮ್ಮೆಟ್ಟುವಿಕೆ. ಹೋದ ದಾರಿ ನೇರವೋ ಕಮಾನಿನಂತೆ ಬಾಗಿದ್ದೋ? ಸುತ್ತಿ ಬರುವವನ ದಾರಿ ಬಾಗಿರುತ್ತದೆ, ತಪ್ಪಿಸಿಕೊಳ್ಳುವವನದು ನೇರ. ಮತ್ತೆ ನಡುವಿಗೆ ಬಂದ ಮೇಲೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಜವಾದ ಶಾಟ್, ಅಂದರೆ ಕಾಲಿಗೆ ನುಗ್ಗುವ ದಾಳಿ, ಬಂತೇ? ನಿಜವಾದದ್ದು ಎಂದೆವು, ಏಕೆಂದರೆ ಮುನ್ನಡೆಯಲ್ಲಿರುವ ಹುಡುಗರು ಸುಳ್ಳು ಶಾಟ್ ಕಲಿತಿರುತ್ತಾರೆ: ಎದುರಾಳಿಯಿಂದ ಎರಡಡಿ ದೂರದಲ್ಲೇ ಮೊಣಕಾಲೂರಿ, ಕೈ ಗಾಳಿಯಲ್ಲಿ ಬೀಸಿ, ಎದ್ದು ಹಿಂದೆ ಸರಿಯುವುದು. ಬೆಂಚಿನಿಂದ ಚಪ್ಪಾಳೆಯೂ ಬೀಳುತ್ತದೆ. ಕೈ ಎದುರಾಳಿಯ ಮೈಗೆ ತಲುಪದ, ತಲುಪಿದರೂ ಮುಗಿಸುವ ಯತ್ನವಿಲ್ಲದ ಶಾಟನ್ನು ಲೆಕ್ಕಕ್ಕೆ ಹಿಡಿಯಬಾರದು.

ಇದನ್ನೆಲ್ಲ ನೋಡಲು ರೆಫರಿ ನಿಂತ ಜಾಗವೂ ಸರಿಯಿರಬೇಕು. ಇಬ್ಬರ ಬೆನ್ನ ಹಿಂದೆ ವೃತ್ತದ ನಡುವೆ ನಿಂತರೆ ಗೆರೆ ಕಾಣುತ್ತದೆ, ಯಾರ ಕಾಲು ಮೊದಲು ಹೋಯಿತು ಎಂಬುದು ಕಾಣುವುದಿಲ್ಲ. ಅಂಚಿಗೆ ಸಮಾನಾಂತರವಾಗಿ, ಇಬ್ಬರನ್ನೂ ಪಕ್ಕದಿಂದ ನೋಡುವಂತೆ ನಿಲ್ಲಬೇಕು. ಇನ್ನೊಂದು ಮಾತು: ಪಟ್ಟು ಬೀಳುತ್ತಿರುವಾಗ ಅದರಿಂದ ಪಾರಾಗಲು ಮ್ಯಾಟ್ ಬಿಟ್ಟು ಓಡುವುದು ಸ್ಟಾಲಿಂಗ್ ಅಲ್ಲ, ಅದು ಬೇರೆಯದೇ ತಾಂತ್ರಿಕ ತಪ್ಪು. ಅದಕ್ಕೆ ಎಚ್ಚರಿಕೆ ಇಲ್ಲ, ಮೊದಲ ಸಲವೇ 1 ಅಂಕ. ಎರಡನ್ನೂ ಕಲಸಿಕೊಂಡರೆ ಎಣಿಕೆ ಕೆಡುತ್ತದೆ.

ಎರಡನೆಯ ಪೀರಿಯಡ್: ನಿಶ್ಚಲವಾಗಿದ್ದವನು ಯಾರು?

ಈ ಪಂದ್ಯದ ಅತಿ ದೊಡ್ಡ ತಪ್ಪು ಇದೇ. ಆದರೂ ಅದರ ಬಗ್ಗೆ ಯಾರೂ ಕೂಗಲಿಲ್ಲ.

ಕೆಳಗಿರುವವನ ನಿಶ್ಚಲತೆ ಕಣ್ಣಿಗೆ ಹೊಡೆಯುತ್ತದೆ. ಮೇಲಿರುವವನ ನಿಶ್ಚಲತೆ ಹಿಡಿತದಂತೆ ಕಾಣುತ್ತದೆ. ಹಸಿರು ಎರಡು ಸಲ ಎದ್ದು ನಿಂತಿದ್ದ, ಅಂದರೆ ಸ್ಥಾನ ಬದಲಿಸಲು ಆಡಿದ್ದ. ಕೆಂಪು 100 ಸೆಕೆಂಡು ಮೇಲಿದ್ದು ಎದುರಾಳಿಯನ್ನು ಬೆನ್ನಿಗೆ ತಿರುಗಿಸಲು ಯತ್ನಿಸಿದ್ದು ಒಂದೇ ಸಲ. ಎದ್ದವನನ್ನು ಮ್ಯಾಟ್‌ಗೆ ತರುವುದು ನ್ಯಾಯವಾದ ಕೆಲಸ, ಅದನ್ನು ಸ್ಟಾಲಿಂಗ್ ಎನ್ನಲಾಗದು. ಆದರೆ ತಂದ ಮೇಲೆ ಏನು? ಚಿತ್ ಮಾಡುವ ಕಡೆಗೆ ಹೆಜ್ಜೆ ಇಲ್ಲದೆ ಕಾಲನ್ನು ಎರಡೂ ಕೈಯಲ್ಲಿ ತಬ್ಬಿ ಮಲಗಿದರೆ ಅದು ಮೇಲಿನವನ ಸ್ಟಾಲಿಂಗ್. ಕಾಲೇಜು ಕುಸ್ತಿಯಲ್ಲಿ ಇಂಥ ಕೆಳಹಿಡಿತಕ್ಕೆ ರೆಫರಿ 5 ಸೆಕೆಂಡು ಎಣಿಸುವ ಪದ್ಧತಿ ಇದೆ. ಹೈಸ್ಕೂಲ್ ರೆಫರಿ ಅದೇ ಎಣಿಕೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೂ ಸಾಕು, ಇಡೀ ಋತುವಿನಲ್ಲಿ ಅಳತೆ ಒಂದೇ ಆಗಿರುತ್ತದೆ.

1:10ರ ಸ್ಟೇಲ್‌ಮೇಟ್ ಸೀಟಿ ಹಾನಿಯನ್ನು ದುಪ್ಪಟ್ಟು ಮಾಡಿತು. ಇಬ್ಬರೂ ಆಡುತ್ತಿದ್ದು ಇಬ್ಬರಿಗೂ ಮುಂದೆ ದಾರಿ ಇಲ್ಲದಾಗ ಅದು ಸ್ಟೇಲ್‌ಮೇಟ್. ಒಬ್ಬ ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದು ಇನ್ನೊಬ್ಬ ಸುಮ್ಮನೆ ಜೋತುಬಿದ್ದಿದ್ದರೆ ಅದನ್ನು ಸ್ಟಾಲಿಂಗ್ ಎಂದು ನೋಡುವುದೇ ನ್ಯಾಯ. ಆ ಸೀಟಿಯಿಂದ ಕೆಂಪಿಗೆ ಹೊಸದಾಗಿ, ಉಸಿರು ತೆಗೆದುಕೊಂಡು, ಮೇಲಿನ ಸ್ಥಾನ ಸಿಕ್ಕಿತು. ನಿಂತಿದ್ದ ಹಸಿರು ಮತ್ತೆ ಮೊಣಕಾಲ ಮೇಲೆ ಬಂದ. ಅರ್ಧ ಮುಗಿದಿದ್ದ ಅವನ ದುಡಿಮೆಯನ್ನು ರೆಫರಿಯೇ ಅಳಿಸಿಹಾಕಿದಂತಾಯಿತು. ನಂತರ 20 ಸೆಕೆಂಡಿನಲ್ಲಿ ಎಚ್ಚರಿಕೆ ಬಂದದ್ದೂ ಅವನಿಗೇ.

ಅಂಕದ ಮೇಜಿನ ಒಂದು ಎಡವಟ್ಟೂ ಇಲ್ಲೇ ಆಯಿತು. ರೆಫರಿಯ ಎಡ ಮಣಿಕಟ್ಟಿಗೆ ಕೆಂಪು ಪಟ್ಟಿ, ಬಲಕ್ಕೆ ಹಸಿರು. ಯಾವ ಕೈಯ ಮುಷ್ಟಿ ಎದ್ದಿತು ಎಂಬುದೇ ಯಾರ ತಪ್ಪು ಎಂಬುದನ್ನು ಹೇಳುತ್ತದೆ. ಆಟ ನಿಲ್ಲದೆ ನಡೆಯುತ್ತಿತ್ತು. ಮೇಲಿದ್ದವನು ಕೆಂಪು ಎಂಬ ಕಾರಣಕ್ಕೆ ಸ್ಕೋರರ್ ಎಚ್ಚರಿಕೆಯನ್ನು ಕೆಂಪಿನ ಸಾಲಿಗೆ ಬರೆದರು. ವಿರಾಮದಲ್ಲಿ ರೆಫರಿ ಮೇಜಿಗೆ ಹೋಗಿ ಕೇಳಿದ್ದರಿಂದ ತಿದ್ದುಪಡಿಯಾಯಿತು. ಕೇಳದಿದ್ದರೆ ಮೂರನೆಯ ಪೀರಿಯಡ್‌ನ ಮೊದಲ ಮುಷ್ಟಿಗೇ ಒಂದು ಅಂಕ ಹೋಗುತ್ತಿತ್ತು.

ಕೆಂಪಿನ ಗಣಿತ

ಮೂರನೆಯ ಪೀರಿಯಡ್‌ನಲ್ಲಿ ಕೆಂಪು ಮಾಡಿದ್ದು ಹೇಡಿತನ ಎಂದು ಹಸಿರು ಬೆಂಚು ಹೇಳಿತು. ಅದು ಗಣಿತ. 2024–25ರ ಋತುವಿನಿಂದ ಟೇಕ್‌ಡೌನ್‌ಗೆ 2ರ ಬದಲು 3 ಅಂಕ. ಸ್ಟಾಲಿಂಗ್ ದಂಡ ಮಾತ್ರ ಇದ್ದಲ್ಲೇ ಇದೆ. 4–2ರಲ್ಲಿರುವವನು ಶಾಟ್ ಹಾಕಿ ತಪ್ಪಿ ಟೇಕ್‌ಡೌನ್ ಕೊಟ್ಟರೆ 4–5. ಸುಮ್ಮನೆ ಹಿಂದೆ ನಡೆದರೆ ಮೊದಲ ತಪ್ಪು ಪುಕ್ಕಟೆ, ಎರಡನೆಯದಕ್ಕೆ ಒಂದು ಅಂಕ ಕೊಟ್ಟರೂ 4–3ರ ಮುನ್ನಡೆ. ಎಚ್ಚರಿಕೆ ಇನ್ನೂ ಖರ್ಚಾಗಿಲ್ಲದ ಹುಡುಗ ಕೊನೆಯ ನಿಮಿಷಕ್ಕೆ ಬಂದರೆ ಅವನ ಜೇಬಿನಲ್ಲಿ ಎರಡು ಹಿಂದಡಿಗಳಿಗೆ ಸಾಲುವ ಹಣ ಇದ್ದ ಹಾಗೆ. ಅದೇ ಎಚ್ಚರಿಕೆ ಮೊದಲ ಪೀರಿಯಡ್‌ನಲ್ಲೇ ಖರ್ಚಾಗಿದ್ದರೆ ಲೆಕ್ಕ ಬಿಗಿಯಾಗುತ್ತಿತ್ತು, ಅವನು ಬಹುಶಃ ಆಡುತ್ತಿದ್ದ. ಡಬಲ್ ಲೆಗ್ ಅವನಿಗೆ ಬರುತ್ತಿತ್ತು, ಮೊದಲ ನಿಮಿಷದಲ್ಲೇ ತೋರಿಸಿದ್ದ.

ಅದೇ ಋತುವಿನಲ್ಲಿ ಇನ್ನೊಂದು ಬದಲಾವಣೆಯೂ ಬಂತು: ಇಬ್ಬರಲ್ಲಿ ಯಾರದಾದರೂ ಒಂದೇ ಒಂದು ಅಂಗ ಗೆರೆಯೊಳಗೆ ತಾಗಿದ್ದರೂ ಆಟ ಒಳಗೇ ನಡೆದಂತೆ. ಅಂಚಿನಲ್ಲಿ ಆಟ ಮುಂದುವರಿಯಲು ಜಾಗ ಹೆಚ್ಚಿತು. ಹಾಗಾಗಿ ಗೆರೆಯ ಹೊರಗೆ ಹೋಗಬೇಕಾದರೆ ಈಗ ಮೊದಲಿಗಿಂತ ಹೆಚ್ಚು ಶ್ರಮಪಟ್ಟೇ ಹೋಗಬೇಕು. "ಜಾರಿ ಹೊರಗೆ ಬಿದ್ದೆ" ಎಂಬ ನೆಪಕ್ಕೆ ಬಲ ಕಡಿಮೆಯಾಗಿದೆ.

ಒಂದೇ ಪಂದ್ಯ, ಮೂರು ಅಳತೆಗೋಲು

ಮೊದಲ ಪೀರಿಯಡ್‌ನ ಸಡಿಲ ಅಳತೆಯನ್ನು ಕೊನೆಯವರೆಗೂ ಇಟ್ಟುಕೊಂಡಿದ್ದರೆ ಒಂದು ಮುಷ್ಟಿಯೂ ಏಳುತ್ತಿರಲಿಲ್ಲ. ಕೆಂಪು ನಿಗದಿತ ಸಮಯದಲ್ಲೇ 4–2ರಿಂದ ಗೆಲ್ಲುತ್ತಿದ್ದ.

ಮೂರನೆಯ ಪೀರಿಯಡ್‌ನ ಬಿಗಿ ಅಳತೆಯನ್ನು ಮೊದಲಿನಿಂದಲೇ ಹಿಡಿದಿದ್ದರೆ? ಮೊದಲ ಪೀರಿಯಡ್‌ನ 0:21ಕ್ಕೆ ಕೆಂಪಿಗೆ ಎಚ್ಚರಿಕೆ. ಎರಡನೆಯದರಲ್ಲಿ ಕಾಲು ತಬ್ಬಿದ್ದಕ್ಕೆ ಸ್ಟೇಲ್‌ಮೇಟ್ ಬದಲು ಹಸಿರಿಗೆ ಒಂದು ಅಂಕ, ಎಸ್ಕೇಪ್ ಸೇರಿ 3–3. ಮೂರನೆಯದರಲ್ಲಿ ಕೆಂಪಿನ ಎಸ್ಕೇಪ್, 4–3. 1:05ಕ್ಕೆ ಮೂರನೆಯ ತಪ್ಪು, 4–4. 0:34ಕ್ಕೆ ನಾಲ್ಕನೆಯದು, 2 ಅಂಕ, ಹಸಿರು 6–4. 0:09ಕ್ಕೆ ಐದನೆಯದು, ಕೆಂಪು ಅನರ್ಹ. ಹಸಿರು ತಂಡಕ್ಕೆ 6 ಅಂಕ, ಒಟ್ಟು 34–30.

ನಡೆದದ್ದು ಈ ಎರಡರ ನಡುವಿನ ಕಲಬೆರಕೆ: 5–4. ಹುಡುಗರ ಪ್ರತಿ ಚಲನೆಯನ್ನೂ ಹಾಗೇ ಇಟ್ಟು ಅಳತೆಗೋಲು ಮಾತ್ರ ಬದಲಿಸಿದರೆ ಗೆಲುವು ಒಬ್ಬನಿಂದ ಇನ್ನೊಬ್ಬನಿಗೆ ಹೋಗುತ್ತದೆ. ನಿಜದಲ್ಲಿ ಚಲನೆ ಹಾಗೇ ಉಳಿಯುವುದಿಲ್ಲ, ಮೊದಲ ಎಚ್ಚರಿಕೆಗೇ ಆಟ ಬದಲಾಗುತ್ತದೆ. ಹಾಗಾಗಿ ಈ ಲೆಕ್ಕವನ್ನು "ಹಸಿರು ಗೆಲ್ಲಬೇಕಿತ್ತು" ಎಂದು ಓದಬಾರದು. ಸಡಿಲ ಅಳತೆಯೂ ಒಂದು ಅಳತೆಯೇ. ಆರು ನಿಮಿಷವೂ ಅದೇ ಇದ್ದರೆ ಹುಡುಗರು ಅದಕ್ಕೆ ಹೊಂದಿಕೊಂಡು ಆಡುತ್ತಾರೆ. ಹೊಂದಿಕೊಳ್ಳಲಾಗದ್ದು ನಡುವೆ ಉದ್ದ ಬದಲಾಯಿಸುವ ಅಳತೆಗೋಲಿಗೆ.

ಸಡನ್ ವಿಕ್ಟರಿಯಲ್ಲಿ ಅಳತೆಗೋಲು ಮತ್ತೆ ಉದ್ದವಾಯಿತು. ಕಾರಣ ಎಲ್ಲ ಆಟದ ರೆಫರಿಗಳಿಗೂ ಗೊತ್ತಿರುವ ಹಿಂಜರಿಕೆ: ಪಂದ್ಯವನ್ನು ನಾನು ಮುಗಿಸಬಾರದು, ಹುಡುಗರೇ ಮುಗಿಸಲಿ. ಕೇಳಲು ಸಭ್ಯವಾದ ಮಾತು. ಆದರೆ 0:09ಕ್ಕೆ ಅಂಕ ಕೊಟ್ಟು ಸಮ ಮಾಡಿದ ಕೈ, ಅದೇ ಹಿಂದಡಿಗೆ ಒಂದು ನಿಮಿಷದೊಳಗೆ ಕೆಳಗೇ ಉಳಿದಾಗ, ಮುಗಿಸಿದ್ದು ಆ ಕೈಯೇ. ನಾಲ್ಕನೆಯ ಮುಷ್ಟಿಯ ಬೆಲೆ 2 ಅಂಕ ಎಂಬುದು ನಿಯಮ ಬರೆದವರು ಯೋಚಿಸಿ ಇಟ್ಟದ್ದು. ಅದು ದುಬಾರಿ ಎಂದು ರೆಫರಿ ರಿಯಾಯಿತಿ ಕೊಡುವ ಹಾಗಿಲ್ಲ.

ಅಂತರರಾಷ್ಟ್ರೀಯ ಫ್ರೀಸ್ಟೈಲ್ ಈ ಸಮಸ್ಯೆಗೆ ಗಡಿಯಾರ ಕಟ್ಟಿದೆ. ಸುಮ್ಮನಿರುವವನಿಗೆ ಮೊದಲು ಬಾಯಿಮಾತಿನ ಎಚ್ಚರಿಕೆ, ಆಮೇಲೆ 30 ಸೆಕೆಂಡಿನ ಅವಧಿ. ಅಷ್ಟರಲ್ಲಿ ಯಾರೂ ಅಂಕ ಗಳಿಸದಿದ್ದರೆ ಎದುರಾಳಿಗೆ 1 ಅಂಕ. ಮೊದಲ ಎರಡು ನಿಮಿಷ ಅಂಕವಿಲ್ಲದೆ ಕಳೆದರೆ ಇಬ್ಬರಲ್ಲಿ ಒಬ್ಬನನ್ನು ರೆಫರಿ ಹೆಸರಿಸಲೇಬೇಕು. ಇದರಿಂದ "ಯಾವಾಗ" ಎಂಬುದು ಸ್ಥಿರವಾಯಿತು, "ಯಾರು" ಎಂಬುದು ಇನ್ನೂ ವಿವೇಚನೆಯೇ. ಕೊನೆಯ ಸೆಕೆಂಡಿನ ಜಗಳವೂ ನಿಂತಿಲ್ಲ. 2016ರ ರಿಯೋ ಒಲಿಂಪಿಕ್ಸ್‌ನ 65 ಕಿಲೋ ಕಂಚಿನ ಪಂದ್ಯದಲ್ಲಿ ಮಂಗೋಲಿಯದ ಮಂದಾಖ್‌ನರನ್ ಗಂಝೋರಿಗ್ 7–6ರ ಮುನ್ನಡೆಯಲ್ಲಿ ಕೊನೆಯ ಕ್ಷಣಗಳನ್ನು ಎದುರಾಳಿಯಿಂದ ದೂರ ಓಡುತ್ತ, ಸಂಭ್ರಮಿಸುತ್ತ ಕಳೆದರು. ಆಡದೆ ತಪ್ಪಿಸಿಕೊಂಡದ್ದಕ್ಕೆ ಉಜ್ಬೇಕಿಸ್ತಾನದ ಇಖ್ತಿಯೋರ್ ನವ್ರುಝೋವ್‌ಗೆ ಅಂಕ ಹೋಯಿತು, ಪದಕವೂ ಹೋಯಿತು. ಮಂಗೋಲಿಯದ ಇಬ್ಬರು ಕೋಚ್‌ಗಳು ಮ್ಯಾಟ್ ಮೇಲೆಯೇ ಬಟ್ಟೆ ಕಳಚಿ ಪ್ರತಿಭಟಿಸಿದ್ದು ಜಗತ್ತೇ ನೋಡಿತು.

ಕೋಚ್ ಏನು ಮಾಡಬಹುದಿತ್ತು

ಕೆಂಪು, ಹಸಿರು ಇಬ್ಬರ ಕೋಚ್‌ಗಳೂ ಮೇಜಿನ ಬಳಿಗೆ ಹೋಗಿ ವಾದಿಸಿದರು. ನಿಯಮವನ್ನು ತಪ್ಪಾಗಿ ಅನ್ವಯಿಸಿದ್ದರೆ, ಉದಾಹರಣೆಗೆ ಎಣಿಕೆ ತಪ್ಪಿ ಎಚ್ಚರಿಕೆಯ ಜಾಗದಲ್ಲಿ ಅಂಕ ಹೋಗಿದ್ದರೆ, ಅಲ್ಲಿ ಕೇಳಿ ಸರಿಪಡಿಸಿಕೊಳ್ಳಬಹುದು. "ಅದು ಸ್ಟಾಲಿಂಗ್ ಆಗಿತ್ತೇ" ಎಂಬುದು ರೆಫರಿಯ ವಿವೇಚನೆ, ಅದನ್ನು ಪ್ರಶ್ನಿಸಿದರೆ ಮೊದಲು ಕೋಚ್‌ಗೆ ಎಚ್ಚರಿಕೆ, ಆಮೇಲೆ ತಂಡದ ಅಂಕವೇ ಕಡಿತ. ಎರಡೇ ಅಂಕದ ಅಂತರವಿದ್ದ ಸಂಜೆಯಲ್ಲಿ ಆ ಅಪಾಯ ಸಣ್ಣದಲ್ಲ. ಪ್ರಯೋಜನಕ್ಕೆ ಬರುವ ಪ್ರಶ್ನೆ ಬೇರೆ, ಅದನ್ನು ಪೀರಿಯಡ್ ನಡುವೆ ಶಾಂತವಾಗಿ ಕೇಳಬೇಕು: "ಸರ್, ಎಚ್ಚರಿಕೆ ಯಾರ ಮೇಲೆ ಎಷ್ಟಿದೆ?" ಉತ್ತರ ತಿಳಿದರೆ ಹುಡುಗನಿಗೆ ಹೇಳಬೇಕಾದ್ದು ತಿಳಿಯುತ್ತದೆ. ಹಸಿರು ಕೋಚ್ ಮೊದಲ ವಿರಾಮದಲ್ಲೇ ಕೇಳಿದ್ದರೆ, ಮೂರು ಹಿಂದಡಿಗೆ ಪುಸ್ತಕದಲ್ಲಿ ಏನೂ ಬಿದ್ದಿಲ್ಲ ಎಂಬುದು ರೆಫರಿಯ ಕಿವಿಗೂ ಬೀಳುತ್ತಿತ್ತು.

ಬೆಂಚು, ಗ್ಯಾಲರಿ ಕೂಗಿದಾಗ ಮುಷ್ಟಿ ಏಳುವುದು ಇನ್ನೊಂದು ಕಾಯಿಲೆ. ಹಿಂದಿರುವವನ ಕಡೆಯವರೇ ಯಾವಾಗಲೂ ಕೂಗುವುದು, ಅದೂ ಮೂರನೆಯ ಪೀರಿಯಡ್‌ನಲ್ಲಿ. ಮುನ್ನಡೆಯಲ್ಲಿರುವುದು ತಪ್ಪಲ್ಲ, ಗುರಾಣಿಯೂ ಅಲ್ಲ. ಹಿಂದಿರುವವನೂ ಶಾಟ್ ಹಾಕದೆ ಬರೀ ದೂಡುತ್ತ ನಡೆದರೆ ಅವನೂ ಅದೇ ನಿಯಮದ ಅಡಿ.

ರೆಫರಿಗಳ ತರಬೇತಿಯಲ್ಲಿ ಇಂಥ ಪಂದ್ಯವನ್ನು ಬಳಸುವ ಬಗೆ ಹೀಗೆ. ವಿಡಿಯೋವನ್ನು 30 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಅಂಕ, ಪೀರಿಯಡ್, ಗಡಿಯಾರ ಮೂರನ್ನೂ ಮರೆಮಾಡಿ, ಧ್ವನಿ ತೆಗೆದು, ಕ್ರಮ ಕಲಸಿ ತೋರಿಸಬೇಕು. ಪ್ರತಿಯೊಬ್ಬರೂ ಮಾತಾಡದೆ ಚೀಟಿಯಲ್ಲಿ ಬರೆಯಬೇಕು: ಯಾರು, ಯಾವ ಸ್ಥಾನದಲ್ಲಿ, ಮುಷ್ಟಿ ಎತ್ತುತ್ತೀರೋ ಇಲ್ಲವೋ, ಎತ್ತಿದರೆ ನೋಡಿದ್ದೇನು. ಆಮೇಲೆ ಅದೇ ತುಂಡುಗಳನ್ನು ಅಂಕ, ಗಡಿಯಾರ, ಧ್ವನಿ ಸಮೇತ ಮೂಲ ಕ್ರಮದಲ್ಲಿ ತೋರಿಸಿ ಮತ್ತೆ ಬರೆಸಬೇಕು. ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟಾಗ ಉತ್ತರ ಬದಲಾದ ತುಂಡುಗಳೇ ಚರ್ಚೆಯ ವಿಷಯ. ಈ ಪಂದ್ಯದಲ್ಲಿ ಮೊದಲು ಎತ್ತಿಕೊಳ್ಳಬೇಕಾದ್ದು ಎರಡು: ಮೊದಲ ಪೀರಿಯಡ್‌ನ 0:21, ಸಡನ್ ವಿಕ್ಟರಿಯ 0:20. ಎರಡರಲ್ಲೂ ಕೆಂಪಿನ ಕಾಲು ಹೋದದ್ದು ಒಂದೇ ದಾರಿಯಲ್ಲಿ, ಮೂರನೆಯ ಪೀರಿಯಡ್‌ನ 0:09ರಲ್ಲಿ ಹೋದ ದಾರಿಯಲ್ಲೇ.